ಆಕಾಶಗಂಗೆಯ ಸಾಮ್ರಾಜ್ಯಕ್ಕೆ ಹೊಸಬರು ಹೋಗುವ ದಾರಿ
(ಬಾನುಲಿ ಭಾಷಣ)



ನನ್ನ ತಂಗಿಯ ಮಗಳೊಬ್ಬಳು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಶಾಸನಗಳ ಪಡಿಯಚ್ಚುಗಳನ್ನು ಮುಂದಿಟ್ಟುಕೊಂಡು ಹೊತ್ತು ಮುಳುಗಿದ್ದನ್ನೂ ಮರೆಯಬಲ್ಲ ಆ ಹುಡುಗಿಗೆ ಯಂತ್ರಗಳೆಂದರೆ ಅಷ್ಟಕ್ಕಷ್ಟೆ. ಮನೆಯ ಮಿಕ್ಸಿ ಕೆಟ್ಟು ಕುಳಿತರೂ ಅತ್ತ ತಿರುಗಿ ನೋಡುವವಳಲ್ಲ. ಹೋದ ದಸರೆಯ ರಜೆಗೆ ನಮ್ಮ ಮನೆಗೆ ಬಂದಿದ್ದವಳು ನನ್ನ ಪುಸ್ತಕದ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದು, "ಮಾವ, ಈ ವಿಜ್ಞಾನ ಕಥೆ ಅನ್ನೋದನ್ನ ನಾನು ಇದುವರೆಗೂ ಮುಟ್ಟಿಲ್ಲ. ರಾಕೆಟ್ಟು, ರೋಬಾಟು, ಹಸುರು ಮೈಯ ಮನುಷ್ಯರು, ಇಷ್ಟೇ ತಾನೆ? ಹಾಗಲ್ಲ ಅನ್ನೋದಾದರೆ ಒಂದೇ ಒಂದು ಹೆಸರು ಹೇಳಿ. ಪಟ್ಟಿ ಬೇಡ" ಎಂದಳು.

ಪಟ್ಟಿ ಬೇಡವೆಂದ ಅವಳ ವಿವೇಕವನ್ನು ಮೆಚ್ಚಿಕೊಂಡೆನಾದರೂ, ಒಂದೇ ಹೆಸರನ್ನು ಹೇಳುವ ಹೊಣೆ ಹಗುರವಾದುದಲ್ಲವೆಂದು ಆ ಕ್ಷಣದಲ್ಲಿಯೇ ನನಗೆ ಮನವರಿಕೆಯಾಯಿತು. ಯಾವುದೇ ಸಾಹಿತ್ಯಪ್ರಕಾರದಲ್ಲಿ ಪ್ರಥಮ ಚುಂಬನವೇ ದಂತಭಗ್ನವಾದರೆ ಓದುಗನು ಜನ್ಮವೆಲ್ಲ ಅದರ ಬಾಗಿಲಿಗೆ ಮತ್ತೆ ಹೋಗುವುದಿಲ್ಲ. ಫ್ರಾಂಕ್ ಹರ್ಬರ್ಟನ 'ಡ್ಯೂನ್' ಮಹಾಕೃತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಗ್ರಂಥದ ಕೊನೆಯಲ್ಲಿ ಶಬ್ದಕೋಶವನ್ನೇ ಜೋಡಿಸಬೇಕಾಗಿ ಬಂದ ಕಾದಂಬರಿಯನ್ನು ಹೊಸಬರ ಕೈಗೆ ಕೊಡುವುದು, ಈಜು ಕಲಿಯಬಂದವನನ್ನು ಮಳೆಗಾಲದ ತುಂಗಭದ್ರೆಗೆ ಇಳಿಸಿದಂತೆ. ಆರ್ಥರ್ ಕ್ಲಾರ್ಕನ 'ರಾಂಡೆವೂ ವಿತ್ ರಾಮಾ' ಬಹಳ ಚೆನ್ನಾದ ಕಥೆ. ಆದರೆ ಅದರಲ್ಲಿ ಆಶ್ಚರ್ಯಪಡಬೇಕಾದುದು ಒಂದು ಯಂತ್ರವನ್ನು ನೋಡಿ, ನಮ್ಮ ಹುಡುಗಿಗೆ ಆಗದಿದ್ದುದು ಅದೇ. ಇವೆಲ್ಲವನ್ನೂ ಮನಸ್ಸಿನಲ್ಲಿ ತೂಗಿ ನೋಡಿ, ಕಡೆಗೆ ನಾನು ಹೇಳಿದ ಹೆಸರು, ಈ ಸಂಜೆ ನಿಮ್ಮಲ್ಲಿಯೂ ವಿಜ್ಞಾನ ಕಥೆಯನ್ನು ಇನ್ನೂ ಮುಟ್ಟದಿರುವವರಿಗೆ ನಾನು ಹೇಳಬಯಸುವ ಹೆಸರು, ಐಸಾಕ್ ಆಸಿಮೋವನ 'ಫೌಂಡೇಷನ್' ಮಾಲೆ.

ಆಸಿಮೋವನು 1920ರಲ್ಲಿ ರಷ್ಯದ ಪೆಟ್ರೋವಿಚಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಮೂರು ವರ್ಷದ ಕೂಸಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದವನು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತಂದೆಗೆ ಮಿಠಾಯಿಯ ಅಂಗಡಿಯಿತ್ತು. ಅಲ್ಲಿ ಪೆಪ್ಪರಮಿಂಟುಗಳ ಪಕ್ಕದಲ್ಲಿಯೇ ಅಗ್ಗದ ಕಥಾಪತ್ರಿಕೆಗಳೂ ತೂಗಾಡುತ್ತಿದ್ದುವು. ಅವು ಮಕ್ಕಳನ್ನು ಕೆಡಿಸುವ ಕಸವೆಂದು ನಂಬಿದ್ದ ತಂದೆ, ಮಾರುವುದಕ್ಕೆ ಇಟ್ಟಿದ್ದರೂ ಮಗನು ಓದಕೂಡದೆಂದು ಕಟ್ಟಪ್ಪಣೆ ಮಾಡಿದ್ದನು. ಒಂಬತ್ತು ವರ್ಷದ ಮಗನಾದರೋ, ಒಂದು ಪತ್ರಿಕೆಯ ಹೆಸರಿನಲ್ಲಿದ್ದ 'ಸೈನ್ಸ್' ಎಂಬ ಶಬ್ದವನ್ನು ಬೆರಳಿಟ್ಟು ತೋರಿಸಿ, ಇದು ವಿದ್ಯೆಗೆ ಸಂಬಂಧಪಟ್ಟುದೆಂದು ವಾದಿಸಿ ಗೆದ್ದನು. ಆ ವಾದ ಅರ್ಧ ಸುಳ್ಳಾಗಿದ್ದರೂ ಫಲ ಮಾತ್ರ ನಿಜವಾಯಿತು. ಹುಡುಗನು ಮುಂದೆ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಬಾಸ್ಟನ್ನಿನಲ್ಲಿ ಜೀವರಸಾಯನದ ಅಧ್ಯಾಪಕನಾದನು.

ಈ ಮಾಲೆ ಹುಟ್ಟಿದ ದಿನವೂ ನಮಗೆ ಗೊತ್ತಿದೆ. 1941ನೆಯ ಇಸವಿ ಆಗಸ್ಟ್ ತಿಂಗಳ 1ನೆಯ ತಾರೀಖು, 21 ವರ್ಷದ ಆಸಿಮೋವನು ನೆಲದಡಿಯ ರೈಲಿನಲ್ಲಿ ಕುಳಿತು, 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಬೆಲ್ಲನನ್ನು ಕಾಣಲು ಹೋಗುತ್ತಿದ್ದನು. ಕೈಯಲ್ಲಿ ಹೊಸ ಕಥೆಯಿಲ್ಲ, ತಲೆಯಲ್ಲಿಯೂ ಇಲ್ಲ. ಮಡಿಲಲ್ಲಿದ್ದ ಗಿಲ್ಬರ್ಟ್ ಮತ್ತು ಸಲ್ಲಿವನ್ನರ ಗೀತನಾಟಕಗಳ ಪುಸ್ತಕವನ್ನು ಶಕುನ ನೋಡುವವರಂತೆ ತಟಕ್ಕನೆ ತೆರೆದಾಗ, ಯಕ್ಷಿಣಿಯರ ರಾಣಿಯೊಬ್ಬಳು ಪಹರೆಯ ಸಿಪಾಯಿಯ ಕಾಲಿಗೆ ಬಿದ್ದಿರುವ ಚಿತ್ರ ಕಾಣಿಸಿತು. ಸಿಪಾಯಿಯಿಂದ ಸೈನ್ಯಕ್ಕೆ, ಸೈನ್ಯದಿಂದ ಸಾಮ್ರಾಜ್ಯಕ್ಕೆ, ಸಾಮ್ರಾಜ್ಯದಿಂದ ತಾನು ಎರಡು ಸಲ ಓದಿ ಮುಗಿಸಿದ್ದ ಗಿಬ್ಬನ್ನನ ರೋಮ್ ಪತನದ ಇತಿಹಾಸಕ್ಕೆ ಅವನ ಮನಸ್ಸು ಹಾರಿತು. ರೋಮ್ ಬಿದ್ದಂತೆ ಇಡೀ ಆಕಾಶಗಂಗೆಯನ್ನೇ ಆಳುವ ಒಂದು ಸಾಮ್ರಾಜ್ಯ ಬಿದ್ದರೆ? ಆ ಕಥೆಯನ್ನು ಅದರ ನಂತರದ ಕಾಲದಲ್ಲಿ ನಿಂತವನೊಬ್ಬ ಇತಿಹಾಸವೆಂಬಂತೆ ಬರೆದರೆ? ಕ್ಯಾಂಬೆಲ್ಲನ ಕಚೇರಿಯನ್ನು ಮುಟ್ಟುವ ವೇಳೆಗೆ ಒಂದು ಕಥೆಯ ಬೀಜವಾಗಿದ್ದುದು, ಹೊರಗೆ ಬರುವ ವೇಳೆಗೆ ಆ ಸಂಪಾದಕನ ಹಟದಿಂದ ಒಂದು ಮಾಲೆಯೇ ಆಗಿತ್ತು. ಮೊದಲ ಕಥೆ 1942ರ ಮೇ ತಿಂಗಳಲ್ಲಿ ಅಚ್ಚಾಯಿತು, ಕಡೆಯದು 1950ರ ಜನವರಿಯಲ್ಲಿ ಮುಗಿಯಿತು. ಅವೆಲ್ಲವೂ 1951, 52, 53ರಲ್ಲಿ 'ಫೌಂಡೇಷನ್', 'ಫೌಂಡೇಷನ್ ಅಂಡ್ ಎಂಪೈರ್', 'ಸೆಕೆಂಡ್ ಫೌಂಡೇಷನ್' ಎಂಬ ಮೂರು ಸಂಪುಟಗಳಾದುವು.

ಇನ್ನು ಕಥೆಯ ನೆಲೆ. ಎರಡೂವರೆ ಕೋಟಿ ಜನವಸತಿಯ ಲೋಕಗಳು. ಅವುಗಳ ಮೇಲೆ 12,000 ವರ್ಷ ಬಾಳಿದ ಒಂದೇ ಸಾಮ್ರಾಜ್ಯ. ನಮ್ಮ ಪುರಾಣಗಳ ಲೆಕ್ಕದಲ್ಲಿ ಒಂದು ಚತುರ್ಯುಗದ ಪರಿಮಾಣವೂ 12,000 ದಿವ್ಯವರ್ಷಗಳೇ ಎಂಬುದು ಕಾಕತಾಳೀಯವಿರಬಹುದು. ಆದರೂ ಮನ್ವಂತರ ಕಲ್ಪಗಳ ಹೆಸರನ್ನು ಸಂಕಲ್ಪದಲ್ಲಿ ದಿನವೂ ಕೇಳಿ ಬೆಳೆದ ಕಿವಿಗೆ ಇಂತಹ ಸಂಖ್ಯೆಗಳು ದಿಗಿಲು ಹುಟ್ಟಿಸುವುದಿಲ್ಲವೆಂಬುದು ನಮ್ಮವರಿಗಿರುವ ಒಂದು ಸೌಕರ್ಯ. ರಾಜಧಾನಿ ಟ್ರ್ಯಾಂಟರ್. ಗ್ರಹಕ್ಕೆ ಗ್ರಹವೇ ಲೋಹದ ಹೊದಿಕೆಯ ಒಂದು ಊರು. ಅದರಡಿಯಲ್ಲಿ 4,000 ಕೋಟಿ ಜನ, ಬಹುಮಟ್ಟಿಗೆ ಎಲ್ಲರೂ ಒಂದಲ್ಲ ಒಂದು ಬಗೆಯ ಆಡಳಿತದ ಕೆಲಸದವರು. ಅವರ ಊಟದೆಲೆಗೆ ಅನ್ನ ಬರಬೇಕಾದರೆ ಇಪ್ಪತ್ತು ಬೇಸಾಯದ ಗ್ರಹಗಳಿಂದ ದಿನವೂ ಹತ್ತಾರು ಸಾವಿರ ಹಡಗುಗಳು ಬರಬೇಕು. ವರ್ಷಕ್ಕೊಮ್ಮೆ ಅಲ್ಲಿಯ ಮಕ್ಕಳನ್ನು ಎತ್ತರದ ಗೋಪುರವೊಂದಕ್ಕೆ ಕರೆದೊಯ್ದು ಬಯಲನ್ನು ತೋರಿಸುತ್ತಾರೆ. ಮೊದಮೊದಲು ಆ ಮಕ್ಕಳು ಬರಿಯ ಆಕಾಶವನ್ನು ಕಂಡು ಚಿಟ್ಟನೆ ಚೀರುತ್ತವೆ. ರಾಜಧಾನಿಯ ದೌರ್ಬಲ್ಯವನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಿಬಿಡುವುದು ಆಸಿಮೋವನ ಕೈವಾಡ.

ಆ ಊರಿನಲ್ಲಿ ಹರಿ ಸೆಲ್ಡನ್ ಎಂಬ ವೃದ್ಧ ಗಣಿತಜ್ಞ. ಹೆಸರು ಕೇಳಿ ನಮ್ಮವನೆಂದು ಭ್ರಮಿಸಬೇಕಾದುದಿಲ್ಲ. ಅವನು ಹೆಲಿಕಾನ್ ಎಂಬ ಗ್ರಹದಲ್ಲಿ ಹುಟ್ಟಿದವನು. ಅವನು ಕಟ್ಟಿದ ಶಾಸ್ತ್ರಕ್ಕೆ ಸೈಕೋಹಿಸ್ಟರಿ ಎಂದು ಹೆಸರು. ನಾವು ಮನಶ್ಚರಿತ್ರಶಾಸ್ತ್ರ ಎಂದುಕೊಂಡರಾಯಿತು. ಆಗ ರಸಾಯನದ ವಿದ್ಯಾರ್ಥಿಯಾಗಿದ್ದ ಆಸಿಮೋವನಿಗೆ ಇದರ ಉಪಮಾನ ತನ್ನ ಪಾಠದಲ್ಲಿಯೇ ಸಿಕ್ಕಿತು: ಅನಿಲದ ಒಂದು ಅಣು ಮರುಕ್ಷಣ ಎತ್ತ ಹಾರೀತೆಂದು ಯಾರೂ ಹೇಳಲಾರರು, ಆದರೆ ಕೋಟ್ಯನುಕೋಟಿ ಅಣುಗಳ ಒಟ್ಟು ವರ್ತನೆಯನ್ನು ಒಂದು ಸಾಲಿನ ಸೂತ್ರದಲ್ಲಿ ಹೇಳಬಹುದು. ಯುಗಾದಿಯ ಹಿಂದಿನ ಸಂಜೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಒಬ್ಬಾತನು ಯಾವ ಊರಿಗೆ ಹೋಗುವನೆಂದು ನಾವು ಹೇಳಲಾರೆವು. ಆದರೆ ಆ ಸಂಜೆ ಎಷ್ಟು ಬಸ್ಸುಗಳನ್ನು ಹೆಚ್ಚಾಗಿ ಬಿಡಬೇಕೆಂಬುದನ್ನು ಸಾರಿಗೆಯವರು ಮೊದಲೇ ಬಲ್ಲರು. ಈ ಸಾಮಾನ್ಯ ತಿಳಿವನ್ನು ಆಸಿಮೋವನು ಆಕಾಶಗಂಗೆಯ ಅಳತೆಗೆ ಹಿಗ್ಗಿಸಿ, ಅದಕ್ಕೆ ಎರಡು ಕಟ್ಟುಗಳನ್ನು ಹಾಕಿದ್ದಾನೆ: ಜನಸಮೂಹ ಅಪಾರವಾಗಿರಬೇಕು, ತಮ್ಮ ಭವಿಷ್ಯದ ಲೆಕ್ಕ ಆ ಜನಕ್ಕೆ ತಿಳಿದಿರಕೂಡದು. ಅರ್ಥಶಾಸ್ತ್ರದಲ್ಲಿ 2008ರ ನೊಬೆಲ್ ಪಡೆದ ಪಾಲ್ ಕ್ರುಗ್‌ಮನ್, ತಾನು ಹುಡುಗನಾಗಿದ್ದಾಗ ಈ ಶಾಸ್ತ್ರಜ್ಞನಾಗಬೇಕೆಂದು ಆಸೆಪಟ್ಟು, ಅಂತಹುದು ಇಲ್ಲದ ಕಾರಣ ಅದಕ್ಕೆ ಹತ್ತಿರದ ಅರ್ಥಶಾಸ್ತ್ರಕ್ಕೆ ಬಂದೆನೆಂದು ಹೇಳಿಕೊಂಡಿರುವುದುಂಟು.

ಸೆಲ್ಡನ್ನನ ಲೆಕ್ಕಕ್ಕೆ ಸಾಮ್ರಾಜ್ಯದ ಪತನ ಖಚಿತವಾಗಿ ತೋರುತ್ತದೆ. ಅದನ್ನು ತಡೆಯಲು ಕಾಲ ಮೀರಿದೆ. ಪತನದ ಬಳಿಕ 30,000 ವರ್ಷಗಳ ಅಂಧಯುಗ ಬರಲಿದೆ. ಈಗಲೇ ಕೈಹಾಕಿದರೆ ಅದನ್ನು 1,000 ವರ್ಷಕ್ಕೆ ಇಳಿಸಬಹುದು. ಅದಕ್ಕಾಗಿ ಮಾನವಜ್ಞಾನವೆಲ್ಲವನ್ನೂ ಕೂಡಿಡುವ ಒಂದು ವಿಶ್ವಕೋಶವನ್ನು ಸಿದ್ಧಪಡಿಸುತ್ತೇವೆಂದು ಹೇಳಿ, ಅವನು ಪಂಡಿತರ ಗುಂಪನ್ನು ಟರ್ಮಿನಸ್ ಎಂಬ, ಲೋಹಸಂಪತ್ತೇ ಇಲ್ಲದ, ಆಕಾಶಗಂಗೆಯ ಅಂಚಿನ ಬಡಗ್ರಹಕ್ಕೆ ಕಳುಹಿಸುತ್ತಾನೆ. ಆ ಸಂಸ್ಥೆಯೇ ಫೌಂಡೇಷನ್. 'ಬಾಲಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬಂಟಿಯಾಗಿ ಬರೆದು ಮುಗಿಸಿದ ಶಿವರಾಮ ಕಾರಂತರನ್ನು ಕಂಡ ನಾಡಿನವರಾದ ನಮಗೆ, ವಿಶ್ವಕೋಶಕ್ಕಾಗಿ ಒಂದು ಲಕ್ಷ ಜನರನ್ನು ಗುಳೆ ಎಬ್ಬಿಸಿದ್ದು ಸ್ವಲ್ಪ ದುಂದೆನಿಸೀತು. ಸೆಲ್ಡನ್ನನಿಗೂ ಹಾಗೆ ಅನಿಸಿತ್ತೋ ಏನೋ, ಅದನ್ನು ನೀವೇ ಓದಿ ತಿಳಿಯಬೇಕು.

ಈಗ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ನಮ್ಮ ಹುಡುಗಿಗೆ ನಾನು ಓದಿ ಹೇಳಿದ್ದೂ ಇದನ್ನೇ. ಫೌಂಡೇಷನ್ ಸ್ಥಾಪನೆಯಾಗಿ ಐವತ್ತು ವರ್ಷ ಕಳೆದಿದೆ. ಟರ್ಮಿನಸ್ಸಿನ ನೆರೆಯ ರಾಜ್ಯಗಳು ಸಾಮ್ರಾಜ್ಯದಿಂದ ಸಿಡಿದು ಸ್ವತಂತ್ರವಾಗಿ, ಈ ಬಡ ಪಂಡಿತರ ಗ್ರಹವನ್ನು ನುಂಗಲು ಬಾಯಿ ತೆರೆದು ನಿಂತಿವೆ. ಚಕ್ರವರ್ತಿ ನಮ್ಮನ್ನು ಕಾಪಾಡುವನೆಂದು ವಿಶ್ವಕೋಶದ ಧರ್ಮದರ್ಶಿಗಳು ನಿಶ್ಚಿಂತರಾಗಿದ್ದಾರೆ. ಆಗ ರಾಜಧಾನಿಯಿಂದ ಲಾರ್ಡ್ ಡೋರ್ವಿನ್ ಎಂಬ ಮಂತ್ರಿವರ್ಯ ಬರುತ್ತಾನೆ. ನಶ್ಯದ ಡಬ್ಬಿ, ನಯವಾದ ಮಾತು, ಪುರಾತತ್ತ್ವದ ಹವ್ಯಾಸ. ಮಾನವಕುಲ ಮೊದಲು ಹುಟ್ಟಿದ್ದು ಯಾವ ನಕ್ಷತ್ರದ ಗ್ರಹದಲ್ಲಿ ಎಂಬ ಪ್ರಶ್ನೆಯಲ್ಲಿ ತಾನು ಗಹನವಾದ ಅಧ್ಯಯನ ಮಾಡುತ್ತಿರುವುದಾಗಿ ಹೇಳಿಕೊಳ್ಳುತ್ತಾನೆ. ಹಾಗಾದರೆ ತಾವೇ ಅಲ್ಲಿಗೆ ಹೋಗಿ ಅಗೆದು ನೋಡಬಾರದೇಕೆ ಎಂದು ನಗರಾಧ್ಯಕ್ಷ ಸಾಲ್ವರ್ ಹಾರ್ಡಿನ್ ಕೇಳಿದರೆ, ಆ ಮಹನೀಯನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಪೂರ್ವಾಚಾರ್ಯರು ಅದನ್ನೆಲ್ಲ ಎಂದೋ ಮಾಡಿದ್ದಾರಲ್ಲ. ಅವರ ಗ್ರಂಥಗಳನ್ನು ಒಂದರೊಡನೊಂದು ತೂಗಿ ನೋಡುವುದೇ ಶಾಸ್ತ್ರೀಯ ವಿಧಾನವಲ್ಲವೆ ಎನ್ನುತ್ತಾನೆ. ಮೂಲದ ಮೇಲೆ ಭಾಷ್ಯ, ಭಾಷ್ಯದ ಮೇಲೆ ವ್ಯಾಖ್ಯಾನ, ವ್ಯಾಖ್ಯಾನದ ಮೇಲೆ ಟಿಪ್ಪಣಿ ಎಂದು ಪೇರಿಸುತ್ತ ಹೋಗಿ, ಮೂಲವನ್ನು ಕಣ್ಣಿಂದ ನೋಡುವುದನ್ನೇ ಮರೆತ ಪಾಂಡಿತ್ಯವನ್ನು ನಾವೂ ಅಲ್ಲಲ್ಲಿ ಕಂಡವರಾದುದರಿಂದ, ಆ ಪುಟದಲ್ಲಿ ನಗುವಾಗ ಸ್ವಲ್ಪ ಎಚ್ಚರದಿಂದಲೇ ನಗಬೇಕಾಗುತ್ತದೆ.

ಮಂತ್ರಿ ಐದು ದಿನ ಇದ್ದು, ಹೋದ ಹೋದಲ್ಲೆಲ್ಲ ಭರವಸೆಗಳನ್ನು ಸುರಿದು, ಎಲ್ಲರನ್ನೂ ಸಂತೋಷಪಡಿಸಿ ಹೊರಟುಹೋಗುತ್ತಾನೆ. ಹಾರ್ಡಿನ್ ಮಾತ್ರ ಅವನ ಮಾತುಗಳನ್ನೆಲ್ಲ ಗುಟ್ಟಾಗಿ ಧ್ವನಿಮುದ್ರಣ ಮಾಡಿಸಿಟ್ಟಿದ್ದು, ಅದನ್ನು ತರ್ಕಶಾಸ್ತ್ರದ ವಿಭಾಗಕ್ಕೆ ಕಳುಹಿಸುತ್ತಾನೆ. ಅಲ್ಲಿಯ ಪಂಡಿತನು ಎರಡು ದಿನ ಕುಳಿತು, ಅರ್ಥವಿಲ್ಲದುದನ್ನು ತೆಗೆದು, ಅಸ್ಪಷ್ಟವಾದುದನ್ನು ಸೋಸಿ, ಒಂದು ಮಾತನ್ನು ಇನ್ನೊಂದು ಮಾತು ಹೊಡೆದುಹಾಕುವುದನ್ನೆಲ್ಲ ಸಮೀಕರಣದಂತೆ ಕಳೆದು ನೋಡಿದಾಗ, ಉಳಿದದ್ದು ಸೊನ್ನೆ. ಐದು ದಿನಗಳಲ್ಲಿ ಆ ಮಹಾಶಯನು ಒಂದೇ ಒಂದು ಸಂಗತಿಯನ್ನೂ ಹೇಳಿರಲಿಲ್ಲ. ಹೇಳಿಲ್ಲವೆಂಬುದು ಯಾರಿಗೂ ಗೊತ್ತಾಗದಂತೆ ಮಾತನಾಡಿದ್ದನು. ಸಾಮ್ರಾಜ್ಯಕ್ಕೂ ನೆರೆಯ ರಾಜ್ಯಕ್ಕೂ ಆದ ಉದ್ದನೆಯ ಒಪ್ಪಂದವನ್ನೂ ಅದೇ ಜರಡಿಗೆ ಹಾಕಿದರೆ, ಆ ರಾಜ್ಯಕ್ಕೆ ಸಾಮ್ರಾಜ್ಯದ ಕಡೆಗೆ ಯಾವ ಹೊಣೆಯೂ ಇಲ್ಲ, ಸಾಮ್ರಾಜ್ಯಕ್ಕೆ ಆ ರಾಜ್ಯದ ಮೇಲೆ ಯಾವ ಅಧಿಕಾರವೂ ಇಲ್ಲ ಎಂಬ ಎರಡೇ ಸಾಲು ಉಳಿಯುತ್ತವೆ. ಕಚೇರಿಗಳಿಂದ ಬಂದ "ತಮ್ಮ ಪತ್ರವು ಪರಿಶೀಲನೆಯಲ್ಲಿದೆ" ಎಂಬ ಉತ್ತರಗಳನ್ನು ಕಡತದಲ್ಲಿ ಸೇರಿಸಿಟ್ಟುಕೊಂಡಿರುವ ನನ್ನಂಥವನಿಗೆ, ಅಂತಹ ತರ್ಕಪಂಡಿತನೊಬ್ಬ ನಮ್ಮ ಓಣಿಯಲ್ಲಿ ಇದ್ದಿದ್ದರೆ ಎಂದೆನಿಸಿದೆ. ರಾಕೆಟ್ಟು ಎಲ್ಲಿ ಬಂತು ಇದರಲ್ಲಿ? ಹಸುರು ಮನುಷ್ಯನೆಲ್ಲಿ? ಈ ಮಾಲೆಯ ಎರಡೂವರೆ ಕೋಟಿ ಲೋಕಗಳಲ್ಲಿ ಮನುಷ್ಯರಲ್ಲದೆ ಬೇರೆ ಬುದ್ಧಿಜೀವಿಯೇ ಇಲ್ಲ.

ಅದೇ ದಿನಗಳಲ್ಲಿ, ಸೆಲ್ಡನ್ ಸತ್ತು ಅರ್ಧ ಶತಮಾನವಾದ ಮೇಲೆ, ಅವನು ಮುದ್ರಿಸಿಟ್ಟುಹೋಗಿದ್ದ ಆಕೃತಿಯು ಗಾಜಿನ ಗೂಡೊಂದರಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲೆ ಮುಚ್ಚಿದ ಪುಸ್ತಕವಿಟ್ಟುಕೊಂಡು ಕಾಣಿಸಿಕೊಳ್ಳುತ್ತದೆ. ನೀವು ನನಗೆ ಕಾಣಿಸುವುದಿಲ್ಲ, ಎಷ್ಟು ಮಂದಿ ಬಂದಿದ್ದೀರೆಂಬುದೂ ತಿಳಿಯದು, ನಿಂತಿದ್ದರೆ ಕುಳಿತುಕೊಳ್ಳಿ, ಹೊಗೆಬತ್ತಿ ಸೇದುವವರು ಸೇದಬಹುದು ಎಂಬ ಭಾವದ ಮಾತುಗಳಿಂದ ಅವನು ತೊಡಗುತ್ತಾನೆ. ಈ ಭಾಷಣವನ್ನು ಬರೆದುಕೊಂಡು ಬಾನುಲಿಯ ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಓದುತ್ತಿರುವ ನನಗೆ, ಆ ವೃದ್ಧನ ಪಾಡು ಇಂದು ಚೆನ್ನಾಗಿ ಅರ್ಥವಾಗುತ್ತಿದೆ. ವ್ಯತ್ಯಾಸವಿಷ್ಟೆ, ಕೇಳುವವರು ಇದ್ದೇ ಇರುತ್ತಾರೆಂಬುದಕ್ಕೆ ಅವನ ಬಳಿ ಗಣಿತವಿತ್ತು. ಅಂದು ಅವನು ಹೇಳಿದ್ದೇನೆಂಬುದನ್ನು ನಾನು ಹೇಳುವುದಿಲ್ಲ. ಐವತ್ತು ವರ್ಷ ವಿಶ್ವಕೋಶಕ್ಕೆಂದು ಬಾಳು ಸವೆಸಿದ್ದವರಿಗೆ ಅದು ರುಚಿಸಲಿಲ್ಲವೆಂಬಷ್ಟನ್ನು ಹೇಳಬಹುದು.

ಆ ಮೇಲಿನ ಕಥೆಯಲ್ಲಿ ಪುರೋಹಿತರು ಬರುತ್ತಾರೆ, ವರ್ತಕರು ಬರುತ್ತಾರೆ, ಸಾಮ್ರಾಜ್ಯದ ಕಡೆಯ ಸಮರ್ಥ ಸೇನಾಪತಿ ಬರುತ್ತಾನೆ. ಪ್ರತಿಯೊಂದು ಸಂಕಟವೂ ಸೆಲ್ಡನ್ ಎಣಿಸಿದಂತೆಯೇ ಬಗೆಹರಿಯುತ್ತದೆ. ಹೀಗೆ ಎಲ್ಲವೂ ಲೆಕ್ಕದಂತೆಯೇ ನಡೆದರೆ ಕಥೆಗೆ ಸ್ವಾರಸ್ಯವೆಲ್ಲಿ ಎಂದು ನೀವು ಕೇಳುವ ಹೊತ್ತಿಗೆ ಸರಿಯಾಗಿ, ಎರಡನೆಯ ಸಂಪುಟದ ಉತ್ತರಾರ್ಧದಲ್ಲಿ, ಯಾವ ಗಣಿತದಲ್ಲಿಯೂ ಸೇರದ ಒಬ್ಬ ವ್ಯಕ್ತಿ ಕಾಣಿಸಿಕೊಳ್ಳುತ್ತಾನೆ. ಅವನನ್ನು ಜನರು 'ಮ್ಯೂಲ್' ಎನ್ನುತ್ತಾರೆ, ಹೇಸರಗತ್ತೆ ಎಂದರ್ಥ. ಸಮೂಹವನ್ನು ಎಣಿಸಬಹುದು, ಒಬ್ಬನನ್ನು ಎಣಿಸಲಾಗದು ಎಂದು ಸೆಲ್ಡನ್ನನೇ ಒಪ್ಪಿಕೊಂಡಿದ್ದನಲ್ಲ, ಆ ಒಪ್ಪಿಗೆಯ ಸಂದಿಯಲ್ಲಿಯೇ ಈ ಒಬ್ಬನು ನುಸುಳಿ ಬರುತ್ತಾನೆ. ತಾನು ಕಟ್ಟಿದ ಕೋಟೆಯ ದುರ್ಬಲವಾದ ಕಲ್ಲನ್ನು ತಾನೇ ಹುಡುಕಿ ತೆಗೆಯುವ ಧೈರ್ಯ ಎಲ್ಲ ಕಥೆಗಾರರಿಗೂ ಇರುವುದಿಲ್ಲ. ಇಡೀ ಮಾಲೆಯಲ್ಲಿ ಶ್ರೇಷ್ಠವಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಟ್ರ್ಯಾಂಟರಿನ ಹಾಳೂರನ್ನು ನಾವು ನೋಡುವುದೂ ಇಲ್ಲಿಯೇ: ಸೂರೆಯಾದ ರಾಜಧಾನಿಯಲ್ಲಿ ಅಳಿದುಳಿದ ಜನ ಲೋಹದ ತಗಡುಗಳನ್ನು ಕಿತ್ತು ಮಾರಿ, ಬಿತ್ತನೆಯ ಬೀಜವನ್ನೂ ದನಗಳನ್ನೂ ಕೊಂಡು, ಬರಿನೆಲವನ್ನು ಉಳುತ್ತಿರುತ್ತಾರೆ. ಹಂಪೆಯಲ್ಲಿ ಮುರಿದ ಮಂಟಪಗಳ ಮಗ್ಗುಲಲ್ಲಿಯೇ ಬಾಳೆಯ ತೋಟಗಳು ನಳನಳಿಸುವುದನ್ನು ನೋಡಿದವರಿಗೆ ಆ ಪುಟಗಳು ಪರದೇಶದವೆನಿಸುವುದಿಲ್ಲ.

ನಾನಾದರೋ ಈ ಮಾಲೆಯನ್ನು ಓದಬಾರದ ರೀತಿಯಲ್ಲಿ ಓದಿದವನು. ವಿದ್ಯಾರ್ಥಿಯಾಗಿದ್ದಾಗ, ಪಾದಚಾರಿ ದಾರಿಯಲ್ಲಿ ಗೋಣಿತಟ್ಟಿನ ಮೇಲೆ ಹಳೆಯ ಪುಸ್ತಕ ಹರಡಿಕೊಂಡಿದ್ದವನೊಬ್ಬನಿಂದ ಎರಡನೆಯ ಸಂಪುಟವನ್ನು, ರಟ್ಟೂ ಮೊದಲ ಕೆಲವು ಹಾಳೆಗಳೂ ಇಲ್ಲದ ಸ್ಥಿತಿಯಲ್ಲಿ, ಅದು ಎರಡನೆಯದೆಂಬುದೇ ಗೊತ್ತಿಲ್ಲದೆ ಕೊಂಡು ತಂದು ಓದಿದೆ. ಯಕ್ಷಗಾನದ ಆಟಕ್ಕೆ ನಡುರಾತ್ರಿಯ ಮೇಲೆ ಹೋದವನಿಗೆ ಬಣ್ಣದ ವೇಷದ ಅಬ್ಬರ ಮಾತ್ರ ಕಂಡು, ಅದು ಯಾರ ಮೇಲೆ ಏಕೆ ಮುನಿದಿದೆಯೆಂಬುದು ತಿಳಿಯದೆ ಹೋಗುವಂತೆ, ನನಗೆ ಮ್ಯೂಲ್ ಸಿಕ್ಕಿದನು. ಅವನು ಕೆಡಹಿದ್ದೇನನ್ನು ಎಂಬುದು ಸಿಕ್ಕಲಿಲ್ಲ. ಅವನ ಗುಟ್ಟನ್ನು ತಿಳಿದ ಮೇಲೆ ಮೊದಲನೆಯ ಸಂಪುಟಕ್ಕೆ ಹೋದ ಆ ನಷ್ಟವನ್ನು ಇಂದಿಗೂ ತುಂಬಿಕೊಳ್ಳಲಾಗಿಲ್ಲ.

ದೋಷಗಳನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ಹೆಣ್ಣು ತೋರಿಸುವ ದಲ್ಲಾಳಿಯ ಕೆಲಸವಾದೀತು. ಈ ಕಥೆಗಳಲ್ಲಿ ಯುದ್ಧಗಳು ತೆರೆಯ ಹಿಂದೆ ನಡೆಯುತ್ತವೆ. ಮುಂದೆ ನಡೆಯುವುದು ಬರಿಯ ಮಾತು. ಎಷ್ಟೋ ವರ್ಷಗಳ ಮೇಲೆ ಮುಂದಿನ ಭಾಗ ಬರೆಯುವುದಕ್ಕಾಗಿ ತನ್ನ ಮಾಲೆಯನ್ನು ತಾನೇ ಮರಳಿ ಓದಿದ ಆಸಿಮೋವನು, ಏನಾದರೂ ಆದೀತೆಂದು ಕಾಯುತ್ತ ಹೋದೆ, ಏನೂ ಆಗಲಿಲ್ಲ ಎಂಬರ್ಥದಲ್ಲಿ ಬರೆದುಕೊಂಡಿದ್ದಾನೆ. ಮೊದಲ ಸಂಪುಟದಲ್ಲಿ ಹೆಂಗಸರು ಇಲ್ಲವೆಂದೇ ಹೇಳಬೇಕು. ಜಗಳಗಂಟಿಯಾದ ಒಬ್ಬ ರಾಜಪತ್ನಿಯನ್ನು ಬಿಟ್ಟರೆ ನೆನಪಿನಲ್ಲಿ ಉಳಿಯುವವರೇ ಇಲ್ಲ. ಎರಡನೆಯದರ ಬೇಟಾ ಮತ್ತು ಮೂರನೆಯದರ ಆರ್ಕಡಿ ಎಂಬ 14 ವರ್ಷದ ಚೂಟಿ ಹುಡುಗಿ ಆ ಕೊರತೆಯನ್ನು ತಕ್ಕಮಟ್ಟಿಗೆ ತೀರಿಸುತ್ತಾರೆ. ಇನ್ನು ಕಾಲದ ಗುರುತುಗಳಂತೂ ಮೋಜಿನವು. ಸೆಲ್ಡನ್ ಸೊಂಟದ ಚೀಲದಿಂದ ಅಂಗೈಯಗಲದ ಲೆಕ್ಕದ ಯಂತ್ರವನ್ನು ತೆಗೆದು, ಕೆಂಪಗೆ ಹೊಳೆಯುವ ಅಂಕಿಗಳಲ್ಲಿ ಉತ್ತರ ತೋರಿಸುತ್ತಾನೆ. 1951ರಲ್ಲಿ ಅಚ್ಚಾದ ಈ ಸಾಲನ್ನು ಓದಿ ಬೆರಗಾಗುವಷ್ಟರಲ್ಲಿ, ಅದೇ ಭವಿಷ್ಯದ ಗಣ್ಯರು ಚುಟ್ಟಾ ಸೇದುತ್ತ ಕಾಗದದ ವೃತ್ತಪತ್ರಿಕೆ ಓದುತ್ತಿರುತ್ತಾರೆ.

ಇಷ್ಟಾಗಿಯೂ 1966ರಲ್ಲಿ ಆವರೆಗಿನ ಅತ್ಯುತ್ತಮ ಮಾಲೆಗೆಂದು ಹ್ಯೂಗೋ ಪ್ರಶಸ್ತಿ ಕೊಟ್ಟಾಗ, ಟಾಲ್ಕಿನ್ನನ ಉಂಗುರದ ಕಥೆಯನ್ನೂ ಹಿಂದಿಕ್ಕಿ ಅದು ಇದಕ್ಕೇ ಬಂದಿತು. 1982ರಲ್ಲಿ ಪ್ರಕಾಶಕರ ಒತ್ತಾಯದಿಂದ ನಾಲ್ಕನೆಯದು ಹೊರಟು, 1986ರಲ್ಲಿ ಮತ್ತೊಂದು, ಸೆಲ್ಡನ್ನನ ಯೌವನದ ಕಥೆಯೆಂದು 1988ರಲ್ಲಿ ಇನ್ನೊಂದು, ಆಸಿಮೋವನು 1992ರಲ್ಲಿ ತೀರಿಕೊಂಡ ಮೇಲೆ 1993ರಲ್ಲಿ ಕಡೆಯದು, ಹೀಗೆ ಸಂಖ್ಯೆ ಏಳಾಯಿತು. ಕಥಾಕಾಲದ ಅನುಕ್ರಮದಲ್ಲಿ ಓದಬೇಕೆಂದು ಕೆಲವರು ಸೆಲ್ಡನ್ನನ ಯೌವನದಿಂದ ತೊಡಗಲು ಹೇಳುತ್ತಾರೆ. ಹೊಸಬರು ಆ ಸಲಹೆಯನ್ನು ಕೇಳಕೂಡದು. ಅಚ್ಚಾದ ಕ್ರಮದಲ್ಲಿ ಮೊದಲ ಮೂರನ್ನು ಓದಿ. ಹಸಿವು ಉಳಿದಿದ್ದರೆ ನಾಲ್ಕನೆಯದು. ಮಿಕ್ಕ ಮೂರು ಉಪಗ್ರಂಥಗಳೆಂದು ತಿಳಿದರೂ ಬಾಧಕವಿಲ್ಲ. 2021ರಿಂದ ಈ ಕಥೆ ಪರದೆಗೂ ಬಂದಿದೆ, ನೋಡಲು ಭವ್ಯವಾಗಿಯೇ ಇದೆ. ಆದರೆ ಅಲ್ಲಿ ಹಾರ್ಡಿನ್ ಹೆಂಗಸಾಗಿದ್ದಾಳೆ, ಕಥೆಯೂ ಬೇರೆಯ ದಾರಿ ಹಿಡಿದಿದೆ. ಅದನ್ನು ನೋಡಿ ಇದನ್ನು ಓದಿದೆನೆಂದುಕೊಳ್ಳುವಂತಿಲ್ಲ. ಆಸಿಮೋವನ ಇಂಗ್ಲಿಷ್ ಬಹು ಸರಳವಾದುದು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗೂ ನಿಘಂಟಿನ ಅಗತ್ಯ ಹೆಚ್ಚಾಗಿ ಬೀಳದು.

ನಮ್ಮ ಹುಡುಗಿ ಮೊದಲನೆಯ ಸಂಪುಟವನ್ನು ತೆಗೆದುಕೊಂಡು ಹೋಗಿದ್ದಾಳೆ. ಎರಡನೆಯದನ್ನೂ ಕೇಳಿದಳು, ಕೊಡಲಿಲ್ಲ, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ನಿಮಗೂ ಒಂದು ವಿಜ್ಞಾಪನೆ: ನೀವು ಎರಡನೆಯದನ್ನು ಓದಿ ಮುಗಿಸುವವರೆಗೆ ಮ್ಯೂಲ್ ಯಾರೆಂದು ಯಾರಾದರೂ ಹೇಳಲು ಬಂದರೆ, ಅವರು ಎಷ್ಟೇ ಆಪ್ತರಾಗಿದ್ದರೂ ಸರಿಯೆ, ಕಿವಿ ಮುಚ್ಚಿಕೊಳ್ಳಿ.